ಅಂಗೈಯಗಲದ ಸರಕುಬಂಡಿ

ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂಗೆ ಹೋಗುವ ರೈಲುಮಾರ್ಗದಲ್ಲಿ ಪೆರಿಯನಾಯಕನಪಾಳ್ಯಂ ಒಂದು ನಿಲ್ದಾಣ. ಅಲ್ಲಿನ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್. ಮಾದರಿ ರೈಲು ಕಟ್ಟುವ ಹವ್ಯಾಸಿಗಳಿಗೆ ತೊಡಕು ತರುವುದು ಈ ಅಂಕಿಯೇ.

ಬಹು ಪ್ರಚಲಿತವಾದ ‘ಎಚ್‌ಓ’ ಪ್ರಮಾಣದಲ್ಲಿ ಎಲ್ಲ ಅಳತೆಯೂ 87ರಲ್ಲಿ ಒಂದು ಪಾಲಾಗುತ್ತದೆ. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ನಿನ ಉದ್ದ, ಕೊಂಡಿಯಿಂದ ಕೊಂಡಿಗೆ, ಸುಮಾರು 10.7 ಮೀಟರ್, ಮಾದರಿಯಲ್ಲಿ 123 ಮಿ.ಮೀ. ಅನುಪಾತದ ಲೆಕ್ಕ ಬಲ್ಲ ವಿದ್ಯಾರ್ಥಿನಿ ರಟ್ಟಿನಲ್ಲಿಯೇ ಅದನ್ನು ಕತ್ತರಿಸಿ ಅಂಟಿಸಬಲ್ಲಳು. ಬಾಗಿಲು, ಬ್ರೇಕಿನ ಸರಳು, ಬದಿಯ ಅಕ್ಷರಗಳೆಲ್ಲವೂ ಅದೇ ಲೆಕ್ಕಕ್ಕೆ ಕಿರಿದಾಗುತ್ತವೆ. ಹಳಿ ಮಾತ್ರ ಆಗದು. ಸಿದ್ಧವಾಗಿ ದೊರೆಯುವ ಹಳಿ 16.5 ಮಿ.ಮೀ. ಅಗಲದ್ದು, ಯೂರೋಪು ಅಮೆರಿಕಗಳ 1,435 ಮಿ.ಮೀ. ಮಾರ್ಗಕ್ಕೆ ತಕ್ಕದ್ದು. ಭಾರತದ ವ್ಯಾಗನ್ನಿಗೆ ಬೇಕಾದುದು 19.3. ಮೂರು ಮಿಲಿಮೀಟರೂ ಇಲ್ಲದ ಅಂತರ. ಆದರೂ ಎದುರಿನಿಂದ ನೋಡಿದಾಗ ಚಕ್ರಗಳು ಒಳಕ್ಕೆ ಸರಿದಿರುವುದು ಬಲ್ಲವರ ಕಣ್ಣಿಗೆ ಮರೆಯಾಗದು. ಬಹಳಷ್ಟು ಮಂದಿ ಇದಕ್ಕೆ ಒಪ್ಪಿಕೊಳ್ಳುತ್ತಾರೆ. ಹಠವಾದಿಗಳು ಹಳಿಯನ್ನೇ ಕೈಯಾರೆ ಜೋಡಿಸುತ್ತಾರೆ.

ಮೆಟ್ಟುಪಾಳ್ಯಂನಲ್ಲಿ ಆರಂಭವಾಗುವ ನೀಲಗಿರಿ ರೈಲಿನ ಮಾರ್ಗ ಮೀಟರ್ ಅಗಲದ್ದು. ಅದರ ಲೆಕ್ಕ 11.5 ಮಿ.ಮೀ.; 12ರ ಸಿದ್ಧ ಹಳಿ ಹೆಚ್ಚುಕಡಿಮೆ ಸರಿಹೊಂದುತ್ತದೆ. ಆದರೆ ಕಲ್ಲಾರಿನಾಚೆ ಹಳಿಗಳ ನಡುವೆ ಹಲ್ಲುಪಟ್ಟಿಯೂ ಇದೆ. ಅದನ್ನು ಕಿರಿದಾಗಿಸುವುದು ಬೇರೆಯೇ ಪರೀಕ್ಷೆ.