ಗ್ಯಾಸ್ ಆಗೇತಿ

ಮೊನ್ನೆ ಐತವಾರ ಅಟ್ಟ ಸ್ವಚ್ಛ ಮಾಡಲೆಂದು ಏಣಿ ಹತ್ತಿದೆ. ಕೆಳಗಿಳಿಸಿದ ಸಾಮಾನು ಇಷ್ಟು: ಹಾರ್ಮೋನಿಯಂ ಪೇಟಿ ಎರಡು, ಗಿಟಾರು ಮೂರು (ಒಂದಕ್ಕೆ ತಂತಿ ನಾಲ್ಕೇ), ಕ್ಯಾಸಿಯೊ ಒಂದು, ತಬಲಾ ಕಳಕೊಂಡ ಡಗ್ಗಾ ಒಂದು, ಒಡೆಯದ ತಂತಿ ಪಾಕೀಟು ಏಳು, ಯಾವುದಕ್ಕೆ ಸೇರಿದ್ದೋ ತಿಳಿಯದ ವೈರು ಒಂದು ಚೀಲ. ಇಷ್ಟೆಲ್ಲ ಕೂಡಿಟ್ಟ ಮನುಷ್ಯನಿಗೆ ಬರುವುದು ಭೂಪ, ದುರ್ಗಾ, ಭೈರವಿಯಲ್ಲಿ ನಾಲ್ಕಾರು ಪದ; ಗಿಟಾರಿನ ಮೇಲೆ ಐದು ಕಾರ್ಡು. ಐದನೆಯದು ಸ್ವಲ್ಪ ಅನುಮಾನ.

ಏಣಿ ಹಿಡಿದು ನಿಂತಿದ್ದ ಮನೆಯಾಕೆ ಕೇಳಿದಳು: "ಅಲ್ರೀ, ಇವನ್ನೆಲ್ಲಾ ಬಾರಸಾಕ ನಿಮಗ ಕೈ ಎಷ್ಟ್ ಅದಾವು?"

ಉತ್ತರ ಹೊಳೆಯಲಿಲ್ಲ. "ನನಗ ಗ್ಯಾಸ್ ಆಗೇತಿ" ಅಂದೆ. ಆಕೆ ಒಳಗೆ ಹೋಗಿ ಅಜವಾನದ ನೀರು ತಂದಳು.

ನಾನು ಹೇಳಿದ್ದು ಸುಳ್ಳಲ್ಲ. ಅಮೆರಿಕದ ಸ್ಟೀಲಿ ಡ್ಯಾನ್ ತಂಡದ ವಾಲ್ಟರ್ ಬೆಕರ್ ಎಂಬ ಗಿಟಾರ್ ವಾದಕ ತೊಂಬತ್ತರ ದಶಕದಲ್ಲಿ ಈ ಬೇನೆಗೆ ಹೆಸರಿಟ್ಟು ಒಂದು ಲೇಖನವನ್ನೇ ಬರೆದ. ಗಿಟಾರ್ ಅಕ್ವಿಸಿಷನ್ ಸಿಂಡ್ರೋಮ್, ಅಂದರೆ ಇದ್ದಷ್ಟು ಸಾಲದೆ ಮತ್ತೊಂದು ಗಿಟಾರು ತರುವ ಚಟ. ಮೊದಲಕ್ಷರ ಕೂಡಿಸಿ ಓದಿದರೆ ಗ್ಯಾಸ್. ಮಿರ್ಚಿ, ಗಿರ್ಮಿಟ್ಟು ತಿಂದು ಬರುವ ಗ್ಯಾಸು ರಾತ್ರಿ ಕಳೆಯುವುದರೊಳಗೆ ಇಳಿಯುತ್ತದೆ. ಇದು ಪಗಾರ ಬಂದ ದಿನ ಏರುತ್ತದೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಹಳಿಯ ಊರುಗಳು. ಮೂರರಲ್ಲೂ ನನ್ನ ಜಾತಿಯ ರೋಗಿಗಳಿದ್ದಾರೆ. ದಿನಾ ಓಡಾಡುವ ನನಗೆ ಎಲ್ಲರ ಪರಿಚಯ. ಹಾವೇರಿಯಲ್ಲಿ ಒಬ್ಬ ಮಾಸ್ತರರು ನಡುಮನೆಯ ಗೋಡೆಗೆ ಗಿಟಾರು ತೂಗುಹಾಕಿದ್ದಾರೆ, ಹಾವೇರಿಯ ಮಂದಿ ಸನ್ಮಾನದ ಏಲಕ್ಕಿ ಹಾರವನ್ನು ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ ಹಾಗೆ. ಎರಡನ್ನೂ ಕೊರಳಿಗೆ ಹಾಕಿಕೊಂಡದ್ದು ಒಂದೊಂದೇ ಸಲ. ಬ್ಯಾಡಗಿಯ ದಲಾಲರೊಬ್ಬರ ಹತ್ತಿರ ಮೂರು ಪೇಟಿಗಳಿವೆ. ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಟೆಂಡರು ಮುಗಿದ ಮೇಲೆ ಮೂರನ್ನೂ ಒರೆಸುತ್ತಾರೆ. ಬಾರಿಸಲು ಘಾಟಿಗೆ ಕೆಮ್ಮು ಬಿಡುವುದಿಲ್ಲವಂತೆ. ಪೇಟಿ ಬಾರಿಸುವುದು ಕೈಯಲ್ಲಲ್ಲವೇ ಅಂತ ನಾನು ಕೇಳಲಿಲ್ಲ. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಗೆಳೆಯನದು ಬೇರೆ ಚಾಳಿ. ಅವನಿಗೆ ರೋಲ್ಯಾಂಡ್ ಎಸ್‌ಪಿಡಿ-20 ಪ್ಯಾಡ್ ಬೇಕಾಯಿತು. ನಮ್ಮ ಕಡೆಯ ಆರ್ಕೆಸ್ಟ್ರಾ ಹುಡುಗರಿಗೆ ಅದು ಹೊಟ್ಟೆಪಾಡು; ಗಣಪತಿ ಮುಂದೆ, ಜಾತ್ರೆಯಲ್ಲಿ, ಮದುವೆಯ ಅರಿಷಿಣದ ದಿನ ಡೋಲು, ತಾಸೆ, ತಬಲಾ ಎಲ್ಲ ಆ ಎಂಟು ರಬ್ಬರು ಚೌಕದೊಳಗಿಂದ ಹೊರಡಬೇಕು. ಇವನಿಗೆ ಅದು ಷೋಕಿ. ಹೊಸ ಹೊಸ 'ಟೋನ್' ಹಾಕಿಸುತ್ತಾನೆ. ಯಾವ ಟೋನಿಗೆ ಎಷ್ಟು ಕೊಟ್ಟೆ ಅಂತ ಬಾಯಿಪಾಠ ಒಪ್ಪಿಸುತ್ತಾನೆ. ಕೆರವಾ ಬಾರಿಸು ಅಂದರೆ ಮಾತ್ರ ಫೋನು ಬರುತ್ತದೆ.

ನಾವು ನಾಲ್ವರು ಕೂಡಿದರೆ ಸಂಗೀತದ ಮಾತೇ ಬರುವುದಿಲ್ಲ. ದರದ ಮಾತು, ಮಾಡೆಲ್ಲಿನ ಮಾತು, ಸ್ಪ್ರೂಸ್ ಮರವೋ ಮಹಾಗನಿಯೋ ಎಂಬ ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದರ ಹೆಸರು ದೇಶದಾಚೆ ಹೋದದ್ದು ಖಾರಕ್ಕಲ್ಲ, ಬಣ್ಣಕ್ಕೆ. ಅದರ ಎಣ್ಣೆ ತೆಗೆದು ಬಣ್ಣಕ್ಕೆಂದೇ ಮಾರುತ್ತಾರೆ. ನಾವೂ ಅದೇ ತಳಿ: ಬಣ್ಣ ಜಾಸ್ತಿ, ಖಾರ ಕಮ್ಮಿ. ಒಂದೇ ವ್ಯತ್ಯಾಸ, ಮೆಣಸಿನಕಾಯಿಗೆ ಗಿರಾಕಿ ಇದೆ.

ಗಿಟಾರು ಪರದೇಶದ್ದು, ನಮ್ಮ ಮಣ್ಣಿಗೆ ಒಗ್ಗದ್ದು ಎಂದು ಬೈಯುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಪೇಟಿ ಎಲ್ಲಿಯದು? 1840ರ ದಶಕದಲ್ಲಿ ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೆಂ ಎಂಬಾತ ಪೇಟೆಂಟು ಪಡೆದ ವಾದ್ಯ. ಕಾಲಲ್ಲಿ ತುಳಿದು ಗಾಳಿ ತುಂಬುತ್ತಿದ್ದ ಅದನ್ನು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ತಿದಿ ಒತ್ತಿ ನುಡಿಸುವ ಪೆಟ್ಟಿಗೆಯಾಗಿ ಇಳಿಸಿದವರು ಕೋಲ್ಕತ್ತದ ದ್ವಾರಕಾನಾಥ ಘೋಷ್. ಇದಕ್ಕೆ ಮೀಂಡ್ ಬರುವುದಿಲ್ಲ, ಎರಡು ಮನೆಗಳ, ಅಂದರೆ ಕೀಗಳ, ನಡುವಿನ ಸ್ವರ ಹಿಡಿಯಲಾರದು ಎಂದು ಆಕಾಶವಾಣಿ 1940ರಲ್ಲಿ ಪೇಟಿಗೆ ಬಾಗಿಲು ಹಾಕಿತು. ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಬಾಗಿಲು ತುಸು ತೆರೆದದ್ದು 1971ಕ್ಕೆ. ಅಂದರೆ ನಮ್ಮ ಪಕ್ಕದ ರೇಡಿಯೊದಲ್ಲಿ ಇಪ್ಪತ್ತು ವರ್ಷ ಪೇಟಿಗೆ ಜಾಗವಿರಲಿಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆ (1917–2010) ಅವರಂಥ ಪೇಟಿ ಪಂಡಿತರು ತಮ್ಮ ಹರೆಯವನ್ನು ಕಳೆದದ್ದು ಆ ಬಹಿಷ್ಕಾರದ ಕಾಲದಲ್ಲೇ. ಆದರೆ ಹಳ್ಳಿಯ ಗುಡಿಗೆ ಆಕಾಶವಾಣಿಯ ಅಪ್ಪಣೆ ಯಾಕೆ ಬೇಕು? ಭಜನೆಯಲ್ಲಿ, ದೊಡ್ಡಾಟ ಸಣ್ಣಾಟದಲ್ಲಿ, ಕಂಪನಿ ನಾಟಕದ ರಂಗದ ಮುಂದಿನ ಕಾಲುಪೇಟಿಯಲ್ಲಿ ಅದು ಬದುಕಿಕೊಂಡಿತು. ಪೇಟಿ ಮಾಸ್ತರ ಎಂಬ ಬಿರುದನ್ನು ಯಾವ ಸರಕಾರವೂ ಕೊಟ್ಟದ್ದಲ್ಲ.

ಆಗ ಪೇಟಿ ಯಾರದೂ ಆಗಿರಲಿಲ್ಲ ಎಂಬುದು ನನಗೆ ಈಚೆಗೆ ಹೊಳೆದ ಸಂಗತಿ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ಭಜನಾ ಸಂಘದ ಸಾಮಾನೆಂದರೆ ಒಂದು ಪೇಟಿ, ಒಂದು ಜೋಡಿ ತಬಲಾ, ನಾಲ್ಕು ಜೊತೆ ತಾಳ, ಒಂದು ದಮ್ಮಡಿ. ಅವು ಇರುತ್ತಿದ್ದುದು ಗುಡಿಯ ಟ್ರಂಕಿನಲ್ಲಿ. ಚಾವಿ ಪೂಜಾರಿಯ ಉಡದಾರದಲ್ಲಿ. ಶ್ರಾವಣ ಬಂತೆಂದರೆ ತಿಂಗಳಿಡೀ ರಾತ್ರಿ ಭಜನೆ. ಒಂದೇ ಪೇಟಿಯನ್ನು ಐದಾರು ಜನ ಸರದಿಯಂತೆ ಒತ್ತುತ್ತಿದ್ದರು. ಬೆರಳು ತಾಗಿ ತಾಗಿ ಕಪ್ಪು ಎರಡರ ಮನೆಯಲ್ಲಿ ತಗ್ಗು ಬಿದ್ದಿತ್ತು. ಈಗ ನನ್ನೊಬ್ಬನ ಅಟ್ಟದ ಮೇಲೆ ಅಂಥ ಎರಡಿವೆ, ಮನೆಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಎರಡನೆಯದನ್ನು ಕೊಂಡದ್ದಕ್ಕೆ ನನ್ನ ಸಬೂಬು ಏನಿತ್ತು ಗೊತ್ತೇ? ಅದು ಸ್ಕೇಲ್ ಚೇಂಜರ್. ಮನೆಗಳ ಸಾಲನ್ನೇ ಪಕ್ಕಕ್ಕೆ ಸರಿಸಿ ಶ್ರುತಿ ಬದಲಿಸಬಹುದು; ಯಾರ ಕಂಠ ಎಲ್ಲಿದ್ದರೂ ಒಂದೇ ಪೇಟಿ ಸಾಕು. ಒಂದೇ ಸಾಕು ಎನ್ನುವ ಕಾರಣಕ್ಕೆ ಎರಡನೆಯದನ್ನು ಕೊಂಡ ಮಹಾನುಭಾವ ನಾನು.

ಈ ಜಿಲ್ಲೆ ಯಾರ ಊರು ಎಂದು ನೆನೆದಾಗ ಇನ್ನೂ ನಾಚಿಕೆಯಾಗುತ್ತದೆ. 1892ರಲ್ಲಿ ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ. 1914ರಲ್ಲಿ ಹುಟ್ಟಿದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಈಗಿನ ಹಾವೇರಿ ಜಿಲ್ಲೆಯವರೇ. ಇಬ್ಬರಿಗೂ ಕಣ್ಣಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜರು ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಹೀಗೆ ಕೈಗೆ ಸಿಕ್ಕ ವಾದ್ಯವನ್ನೆಲ್ಲ ನುಡಿಸಿದರು, ನೂರಾರು ಅಂಧ ಮತ್ತು ಬಡ ಮಕ್ಕಳಿಗೆ ನುಡಿಸಲು ಕಲಿಸಿದರು. ವಾದ್ಯಗಳ ಸಂಗ್ರಹ ಅಂದರೆ ಅದು. ಸನ್‌ಬರ್ಸ್ಟ್ ಬಣ್ಣದ ಗಿಟಾರು ಚಂದವೋ ಕಪ್ಪು ಬಣ್ಣದ್ದೋ ಎಂದು ನಾನು ಮೂರು ವಾರ ನಿದ್ದೆಗೆಟ್ಟದ್ದನ್ನು ಆ ಆಶ್ರಮದ ಯಾವ ಹುಡುಗನಿಗೂ ವಿವರಿಸಿ ಹೇಳಲಾರೆ.

ಗಿಟಾರು ನಮ್ಮ ಹುಡುಗರ ಕೈಗೆ ಬಂದ ದಾರಿಯೂ ಮಜವಾಗಿದೆ. ಶಿಶುನಾಳ ಶರೀಫರು (1819–1889) ಶಿಗ್ಗಾವಿ ತಾಲೂಕಿನವರು. ಏಕತಾರಿ, ದಮ್ಮಡಿಯ ಮೇಲೆ ಊರೂರು ಸುತ್ತಿದ ಅವರ ತತ್ವಪದಗಳನ್ನು ಸಿ. ಅಶ್ವತ್ಥ್ ಕ್ಯಾಸೆಟ್ಟಿಗೆ ತಂದರು. 1990ರಲ್ಲಿ ಶರೀಫರ ಮೇಲೆ ನಾಗಾಭರಣರ ಸಿನೆಮಾ ಬಂತು. ಆಮೇಲೆ ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್ಮಿನಲ್ಲಿ ಗಿಟಾರು ಹಿಡಿದು, ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಅದೇ ಶರೀಫರನ್ನು ಹಾಡಿದರು. ನಮ್ಮದೇ ಪದ ಬೆಂಗಳೂರಿಗೆ ಹೋಗಿ, ಆರು ತಂತಿ ಕಟ್ಟಿಕೊಂಡು ವಾಪಸು ಬಂದಾಗ ಇಲ್ಲಿಯ ಹುಡುಗರಿಗೆ ಹುಚ್ಚು ಹಿಡಿದದ್ದು ಸಹಜ. ಮೊದಲ ಗಿಟಾರನ್ನು ನಾನು ಕೊಂಡದ್ದೂ ಆ ಸುಮಾರಿಗೇ. ಕೋಲ್ಕತ್ತದ ಗಿವ್‌ಸನ್. ಅದರ ತಂತಿಗಳು ಹಲಗೆಯಿಂದ ಎಷ್ಟು ಮೇಲಿದ್ದವೆಂದರೆ ಕೆಳಗೆ ಇಲಿ ಮರಿ ಓಡಾಡಬಹುದಿತ್ತು. ಬೆರಳು ಸುಲಿದವು. ಬೆರಳಿನದಲ್ಲ, ಗಿಟಾರಿನ ತಪ್ಪು ಎಂದು ಎರಡನೆಯದನ್ನು ತಂದೆ. ಆಮೇಲಿನವುಗಳ ಕಾರಣ ಈಗ ನೆನಪಿಲ್ಲ. ಬಹುಶಃ ರಿಯಾಯಿತಿ.

ಬಾರಿಸದೆ ಇಟ್ಟ ವಾದ್ಯ ಇದ್ದ ಹಾಗೆ ಇರುವುದಿಲ್ಲ, ಇದನ್ನು ಅಂಗಡಿಯವರು ಹೇಳುವುದಿಲ್ಲ. ನಮ್ಮದು ಮಾರ್ಚಿನ ಹೊತ್ತಿಗೆ ಕಟ್ಟಿಗೆ ಸಿಡಿಯುವ ಬಿಸಿಲಿನ ಸೀಮೆ, ಜುಲೈಗೆ ಗೋಡೆ ಬೆವರುವ ಸೀಮೆ. ತಂತಿಯ ಎಳೆತಕ್ಕೆ ಗಿಟಾರಿನ ಕತ್ತು ಬಾಗುತ್ತದೆ. ಒಳಗಿರುವ ಕಬ್ಬಿಣದ ಸರಳನ್ನು ಕಾಲು ಸುತ್ತು ತಿರುಗಿಸಿ ನೆಟ್ಟಗೆ ಮಾಡಬೇಕು, ಅರ್ಧ ಸುತ್ತು ಹೆಚ್ಚಾದರೆ ಮುಗಿಯಿತು. ಪೇಟಿಯ ಕಥೆ ಇನ್ನೂ ನಾಜೂಕು. 42 ಮನೆಯ ಡಬಲ್ ರೀಡಿನ ಪೇಟಿಯಲ್ಲಿ 84 ಹಿತ್ತಾಳೆ ನಾಲಗೆಗಳಿರುತ್ತವೆ. ಒಳ್ಳೆಯ ರೀಡು ಬರುವುದು ಗುಜರಾತಿನ ಪಾಲಿತಾಣಾದಿಂದ. ಒಂದೊಂದನ್ನೂ ಕೈಯಲ್ಲೇ ಕೆರೆದು ಶ್ರುತಿ ಮಾಡಬೇಕು: ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಧೂಳಿನ ಒಂದು ಕಣ ಕೂತರೆ ಆ ಮನೆ ಮೂಕ. ತಿದಿಯ ಮಡಿಕೆಗೆ ಜಿರಳೆ, ಬಟ್ಟೆಗೆ ಇಲಿ. ಅಟ್ಟದಿಂದ ಇಳಿಸಿದ ನನ್ನ ಸ್ಕೇಲ್ ಚೇಂಜರನ್ನು ಒತ್ತಿದರೆ ಮಧ್ಯಮ ಸಿಕ್ಕಿಕೊಂಡು ಬಿಡಲೇ ಇಲ್ಲ, ಊರಿನ ಸೈರನ್ನಿನ ಹಾಗೆ ಒಂದೇ ಸಮ ಕೂಗಿತು. ಪಕ್ಕದ ಮನೆಯವರು ಏನಾಯಿತೆಂದು ಬಂದರು.

ರಿಪೇರಿಗೆ ಯಾರ ಹತ್ತಿರ ಒಯ್ಯುವುದು? ಹಿಂದೆ ವರ್ಷಕ್ಕೊಮ್ಮೆ ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಕಾಕಾ ಬರುತ್ತಿದ್ದರು. ಗುಡಿಕಟ್ಟೆಯ ಮೇಲೆ ಕೂತು ಪೇಟಿ ಬಿಚ್ಚಿ, ರೀಡು ಒರೆಸಿ, ಕಿವಿ ಹತ್ತಿರ ಹಿಡಿದು ಕೆರೆದು, ಚಹಾ ಕುಡಿದು ಮುಂದಿನ ಊರಿಗೆ ಹೋಗುತ್ತಿದ್ದರು. ಅವರು ಬರುವುದು ನಿಂತು ಬಹಳ ವರ್ಷವಾಯಿತು. ಈಗ ಹತ್ತು ಕಿಲೋ ಪೇಟಿಯನ್ನು ಹುಬ್ಬಳ್ಳಿಗೆ ಒಯ್ಯಬೇಕು, ಇಲ್ಲವೇ ಮಿರಜಿನ ಕಡೆ ಮುಖ ಮಾಡಬೇಕು. ಹಾಗೆ ಒಯ್ಯುವಾಗ ಬಸ್ಸಿನಲ್ಲಿ ಕಂಡಕ್ಟರು ಲಗೇಜು ಚೀಟಿ ಹರಿದು ಕೊಟ್ಟು, "ಇದನ್ನ ಇಲ್ಲೇ ಬಾರಿಸ್ರಿ, ಚೀಟಿ ಮಾಫಿ" ಅಂದ. ಮಧ್ಯಮ ಸಿಕ್ಕಿಕೊಂಡಿತ್ತಲ್ಲ, ರೊಕ್ಕ ಕೊಟ್ಟೆ.

ಅಂಕಣವೆಂದ ಮೇಲೆ ಯಾರಿಗಾದರೂ ಒಂದು ಅರ್ಜಿ ಹಾಕದೆ ಮುಗಿಸಬಾರದಂತೆ. ಇದು ನನ್ನ ಅರ್ಜಿ. ಕೆನಡಾದ ಟೊರಾಂಟೊ ನಗರದ ಸಾರ್ವಜನಿಕ ಗ್ರಂಥಾಲಯ 2016ರಿಂದ ಪುಸ್ತಕದ ಹಾಗೆ ವಾದ್ಯಗಳನ್ನೂ ಕಡ ಕೊಡುತ್ತಿದೆ. ಕಾರ್ಡು ತೋರಿಸು, ಗಿಟಾರು ಒಯ್ಯಿ, ಗಡುವಿಗೆ ತಂದುಕೊಡು. ನಮಗೆ ಇದು ಹೊಸದೇನೂ ಅಲ್ಲ, ಗುಡಿಯ ಟ್ರಂಕೂ ಇದೇ ಕೆಲಸ ಮಾಡುತ್ತಿತ್ತು. ಹಾವೇರಿಯ ಜಿಲ್ಲಾ ಗ್ರಂಥಾಲಯದಲ್ಲೋ, ಬ್ಯಾಡಗಿ, ರಾಣೆಬೆನ್ನೂರಿನ ವಾಚನಾಲಯದಲ್ಲೋ ಒಂದು ಕಪಾಟು ಕೊಡಿ. ಹೊಸದಾಗಿ ಕೊಳ್ಳಲು ಟೆಂಡರು ಕರೆಯುವ ಗೊಡವೆಯೇ ಬೇಡ. ಟೆಂಡರು ಕರೆದರೆ ಗಿಟಾರಿಗೆ ನಾಲ್ಕೇ ತಂತಿ ಬರುತ್ತವೆ, ಅಂಥದ್ದು ನನ್ನಲ್ಲೇ ಒಂದಿದೆ. ನಮ್ಮಂಥವರ ಅಟ್ಟದಿಂದಲೇ ಕಪಾಟು ತುಂಬುತ್ತದೆ. ಬೇಕಾದ್ದು ರಿಪೇರಿ ಬಲ್ಲ ಒಬ್ಬ ಮನುಷ್ಯ, ಅವನಿಗೆ ತಿಂಗಳಿಗೆರಡು ದಿನದ ಕೂಲಿ. ಬೀಜದ ವ್ಯಾಪಾರಿಗೆ ಈ ಮಾತು ಹೇಳಿದಾಗ, "ನನ್ನ ಪ್ಯಾಡ್ ಮಾತ್ರ ಕೇಳಬ್ಯಾಡಪಾ, ಅದು ನನ್ನ ಜೀವ" ಅಂದ. ಜೀವಕ್ಕೆ ಹೊದಿಸಿದ ಪ್ಲಾಸ್ಟಿಕ್ಕನ್ನು ಅವನು ಇನ್ನೂ ತೆಗೆದಿಲ್ಲ.

ಅರ್ಜಿ ಯಾವಾಗ ಪಾಸಾಗುತ್ತದೋ. ಕಳೆದ ಶ್ರಾವಣದಲ್ಲಿ ಒಂದು ಗಿಟಾರನ್ನು ಮಾತ್ರ ನಾನೇ ಸಾಗಹಾಕಿದ್ದೆ. ಬ್ಯಾಡಗಿಯಲ್ಲಿರುವ ನಾದಿನಿಯ ಮಗ ಕಾಲೇಜು ಹುಡುಗ. ಕೊಟ್ಟ ವಾರಕ್ಕೇ ಅವನು ಅದನ್ನು ಓಣಿಯ ಭಜನೆಗೆ ಒಯ್ದ. ಅವತ್ತು ನಾನೂ ಅಲ್ಲಿದ್ದೆ. ಪೇಟಿ ಹಿಡಿದವರು ಎಪ್ಪತ್ತು ದಾಟಿದ ಕಾಕಾ, ಶ್ರುತಿ ಕಪ್ಪು ಎರಡು. ಹುಡುಗ ಬಲ್ಲವನೇ. ಮೊದಲನೆಯ ಫ್ರೆಟ್ಟಿಗೆ ಕೇಪೊ ಸಿಕ್ಕಿಸಿ, ಡಿ ಕಾರ್ಡಿನ ಬೆರಳಲ್ಲೇ ಕಪ್ಪು ಎರಡಕ್ಕೆ ಬಂದ. ಗಿಟಾರಿನ ತಲೆಗೆ ಟ್ಯೂನರಿನ ಕ್ಲಿಪ್ ಹಚ್ಚಿದ್ದ. ಆರೂ ತಂತಿಗೆ ಹಸಿರು ದೀಪ ಹತ್ತಿತು. ಆದರೂ ಪೇಟಿಯ ಜೊತೆ ಮೀಟಿದರೆ ಸ್ವರ ನಡುಗುತ್ತಿತ್ತು. ಆ ಪೇಟಿಯ ವಯಸ್ಸು ಯಾರಿಗೂ ಗೊತ್ತಿಲ್ಲ, ಅದರ ಷಡ್ಜ ಜಗತ್ತಿನ ಲೆಕ್ಕಕ್ಕಿಂತ ಒಂದೆಳೆ ಮೇಲಿದೆ.

"ಕಾಕಾ, ನಂದು ಬರೋಬ್ಬರಿ ಐತ್ರಿ. ಮಷಿನ್ ತೋರಸಾಕತ್ತೇತಿ ನೋಡ್ರಿ. ನಿಮ್ಮ ಪೇಟಿನ ತಪ್ಪೈತಿ."

ಕಾಕಾ ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. "ಇರಬೇಕು ತಮ್ಮಾ. ಆದ್ರ ಪೇಟಿಗೆ ಕಿವಿ ಇಲ್ಲ. ನಿನ್ನ ಗಿಟಾರಿಗೆ ಆರು ಅದಾವು. ನೀನ ಹಿಂಡ್ಕೋ."

ಹುಡುಗ ಕ್ಲಿಪ್ ಬಿಚ್ಚಿ ಕಿಸೆಯಲ್ಲಿಟ್ಟುಕೊಂಡು ಪೇಟಿಯ ಕಡೆ ವಾಲಿ ಕೂತ. ಆರೂ ಕಿವಿ ಹಿಂಡಿ ಮುಗಿಯುವುದರೊಳಗೆ ತಬಲಾದವನು ಹೊರಗೆ ಹೋಗಿ ಚಹಾ ಕುಡಿದು ಬಂದ.