ಸತ್ತ ನಾಯಿಯ ಲ್ಯಾಬ್ ವರದಿ ನಮ್ಮ ಬೀದಿಗೂ ಬರಲಿ

ಬೆಂಗಳೂರು ಪಶ್ಚಿಮ ನಗರ ಪಾಲಿಕೆಯ ಆಯುಕ್ತರಿಗೆ,

ಮಾನ್ಯರೇ,

2025ರ ಜುಲೈನಲ್ಲಿ ಆಗಿನ ಬಿಬಿಎಂಪಿ ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕುತ್ತೇವೆ ಎಂದಾಗ ಊರೆಲ್ಲ ಅದೇ ಮಾತು. ಸುಮಾರು 5,000 ನಾಯಿಗಳಿಗೆ 2.88 ಕೋಟಿ ರೂಪಾಯಿಯಂತೆ ಎಂದು ಟೀವಿಯಲ್ಲಿ ಜಗಳ, ವಾಟ್ಸ್‌ಆ್ಯಪ್‌ನಲ್ಲಿ ಕುಹಕ. ಮರುತಿಂಗಳೇ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶಗಳು ಬಂದು ಜನ ನಾಯಿಪ್ರೇಮಿಗಳು, ನಾಯಿದ್ವೇಷಿಗಳು ಎಂದು ಎರಡು ಪಾಳೆಯವಾದರು. ಆ ಗದ್ದಲದಲ್ಲಿ ನಾಯಿಯ ಜೊಲ್ಲಿನಲ್ಲಿರಬಹುದಾದ ವೈರಸ್ಸಿನ ಮಾತು ಎತ್ತಿದವರು ಕಡಿಮೆ. ಅದಕ್ಕೇ ಈ ಪತ್ರ.

ರೇಬೀಸ್ ವಿಷಯದಲ್ಲಿ ಬೆಂಗಳೂರಿಗೆ ಇರುವ ಅನುಕೂಲ ಬಹಳ ಊರುಗಳಿಗಿಲ್ಲ. ಮನುಷ್ಯರ ಪಾಲಿಗೆ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗವಿದೆ, ಅದು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ. ಪ್ರಾಣಿಗಳ ಪಾಲಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯವಿದೆ, ಅದಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ. ಟ್ರಾಫಿಕ್ ಇಲ್ಲದ ದಿನ ವಿಜಯನಗರದಿಂದ ಎರಡೂ ಕಡೆಗೆ ಗಂಟೆಯೊಳಗೆ ಮುಟ್ಟಬಹುದು. ಅಂಥ ದಿನ ಯಾವುದು ಎಂದು ಮಾತ್ರ ಕೇಳಬೇಡಿ.

ಈ ಕಾಯಿಲೆ ಹುಚ್ಚುನಾಯಿಯಿಂದಲೇ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕಂಡಕಂಡವರ ಮೇಲೆ ಎಗರುವ ನಾಯಿಯನ್ನು ಯಾರಾದರೂ ಗುರುತಿಸುತ್ತಾರೆ. ಮೋಸ ಮಾಡುವುದು ಇನ್ನೊಂದು ಬಗೆ. ನಾಯಿ ಯಾರ ತಂಟೆಗೂ ಬರದೆ ಕಾರಿನ ಕೆಳಗೋ ಚರಂಡಿ ಪಕ್ಕವೋ ಮಲಗಿರುತ್ತದೆ. ಕೆಳದವಡೆ ಜೋತುಬಿದ್ದಿರುತ್ತದೆ, ನೀರು ನುಂಗಲಾಗದು, ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ಕನಿಕರಪಟ್ಟು ಬಾಯೊಳಗೆ ಕೈಹಾಕುವವರು ಸಾಮಾನ್ಯವಾಗಿ ದಿನವೂ ಅದಕ್ಕೆ ಬಿಸ್ಕತ್ತು ಹಾಕುವವರೇ. ಕಚ್ಚದಿದ್ದರೂ ಬೆರಳಿನ ತರಚು ಗಾಯಕ್ಕೆ ಆ ಜೊಲ್ಲು ತಾಗಿದರೆ ಸಾಕು. ಮನುಷ್ಯರಲ್ಲೂ ಹೀಗೆ ಸದ್ದಿಲ್ಲದೆ ಕೈಕಾಲು ಬೀಳುವ ರೇಬೀಸ್ ಇದೆ. ಅದನ್ನು ಬೇರೆ ನರರೋಗವೆಂದು ತಪ್ಪಾಗಿ ತಿಳಿಯುವುದುಂಟು. ರೋಗಿ ಬದುಕಿರುವಾಗಲೇ ಜೊಲ್ಲು, ಕತ್ತಿನ ಹಿಂಭಾಗದ ಚರ್ಮ, ಬೆನ್ನುಹುರಿಯ ದ್ರವ ಪರೀಕ್ಷಿಸಿ ರೇಬೀಸ್ ಹೌದೋ ಅಲ್ಲವೋ ಎಂದು ಹೇಳುವ ಕೆಲಸವನ್ನು ನಿಮ್ಹಾನ್ಸ್ ವರ್ಷಗಳಿಂದ ಮಾಡುತ್ತಿದೆ.

ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ತೀರಾ ವಿರಳ. ಕಚ್ಚಿದ ಜಾಗದಿಂದ ವೈರಸ್ ನರದ ಗುಂಟ ಮಿದುಳಿಗೆ ಹತ್ತಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಒಂದೇ ವಾರ. ನಮಗೆ ಸಿಗುವ ಅವಕಾಶ ಅಷ್ಟೇ. ಐಸಿಎಂಆರ್ 2022-23ರಲ್ಲಿ ನಡೆಸಿದ ರಾಷ್ಟ್ರವ್ಯಾಪಿ ಸಮೀಕ್ಷೆ ದೇಶದಲ್ಲಿ ವರ್ಷಕ್ಕೆ 5,726 ಮಂದಿ ರೇಬೀಸ್‌ನಿಂದ ಸಾಯುತ್ತಾರೆ ಎಂದು ಅಂದಾಜಿಸಿತು. ಎರಡು ದಶಕದ ಹಿಂದಿನ ಅಂದಾಜು 20 ಸಾವಿರದ ಮೇಲಿತ್ತು, ಇಳಿದಿದೆ ನಿಜ. ಆದರೆ ಅದೇ ಸಮೀಕ್ಷೆಯಲ್ಲಿ ನಾಯಿ ಕಚ್ಚಿದ ಐವರಲ್ಲಿ ಒಬ್ಬರು ಒಂದು ಡೋಸ್ ಲಸಿಕೆಯನ್ನೂ ಹಾಕಿಸಿಕೊಂಡಿರಲಿಲ್ಲ. ಕಚ್ಚಿದ ನಾಯಿ ಎಂಥದ್ದು ಎಂದು ಹೇಳುವವರು ಇದ್ದಿದ್ದರೆ ಅವರಲ್ಲಿ ಒಂದಷ್ಟು ಜನವಾದರೂ ಆಸ್ಪತ್ರೆಗೆ ಹೋಗುತ್ತಿದ್ದರು ಎಂದೇ ನನ್ನ ಎಣಿಕೆ.

ಈಗ ನಮ್ಮ ಬೀದಿಗೆ ಬರುತ್ತೇನೆ. ಕಾಮಾಕ್ಷಿಪಾಳ್ಯದಲ್ಲೋ ಕೆಂಗೇರಿ ಉಪನಗರದಲ್ಲೋ ಹೀಗೆ ದವಡೆ ಜೋತ ನಾಯಿಯೊಂದು ಸಾಯುತ್ತದೆ ಎನ್ನಿ. ಯಾರೋ ಫೋನ್ ಮಾಡುತ್ತಾರೆ, ಗಾಡಿ ಬರುತ್ತದೆ, ಗೋಣಿಚೀಲದಲ್ಲಿ ಹೆಣ ಹೋಗುತ್ತದೆ. ಪಾಲಿಕೆ ಪರೀಕ್ಷೆಯನ್ನೇ ಮಾಡಿಸುವುದಿಲ್ಲ ಎಂಬುದು ನನ್ನ ದೂರಲ್ಲ. ಮಾಡಿಸಿದ್ದರೂ ಅದರ ಫಲಿತಾಂಶ ಆ ಬೀದಿಯವರ ಕಿವಿಗೆ ಬೀಳುವುದಿಲ್ಲ ಎಂಬುದು ದೂರು. ಹಿಂದಿನ ವಾರ ಆ ನಾಯಿಯಿಂದ ಪರಚಿಸಿಕೊಂಡ ಮಗು, ಅದರ ಬಾಯಿ ಒರೆಸಿದ ಅಜ್ಜಿ, ಅದು ಕಚ್ಚಿದ ಇನ್ನೆರಡು ನಾಯಿಗಳು, ಇವರಿಗೆಲ್ಲ ಬೇಕಿರುವುದು ಆ ಒಂದು ಉತ್ತರ.

ಪರೀಕ್ಷೆಗೆ ತಲೆಬುರುಡೆ ಒಡೆಯಬೇಕಿಲ್ಲ. ಕತ್ತು ತಲೆಗೆ ಸೇರುವಲ್ಲಿರುವ ರಂಧ್ರದಿಂದ ಒಂದು ಸ್ಟ್ರಾ ಒಳಗಿಳಿಸಿ ಮಿದುಳಿನ ಚೂರು ತೆಗೆಯುವ ವಿಧಾನ ಬಳಕೆಯಲ್ಲಿದೆ. ಐಸ್ ಪೆಟ್ಟಿಗೆಯಲ್ಲಿಟ್ಟು ಹೆಬ್ಬಾಳಕ್ಕೆ ಮುಟ್ಟಿಸಿದರೆ ಉಳಿದದ್ದು ಅಲ್ಲಿಯವರ ಕೆಲಸ. ಕೈಗವಸು, ಕನ್ನಡಕ, ಮುಂಚಿತವಾಗಿ ಲಸಿಕೆ ಹಾಕಿಸಿಕೊಂಡ ಸಿಬ್ಬಂದಿ ಇಷ್ಟು ಬೇಕು. ಹೆಣ ಎತ್ತುವ ಪೌರಕಾರ್ಮಿಕರಿಗೂ ಆ ಲಸಿಕೆ ಸಲ್ಲಬೇಕು. ಚಿಕನ್ ರೈಸ್‌ಗೆ ಲೆಕ್ಕ ಹಾಕಿದ ಪಾಲಿಕೆಗೆ ಇದು ದೊಡ್ಡ ಖರ್ಚಲ್ಲ.

ಇನ್ನು ಅಂಕಿಅಂಶ. 2023ರ ಗಣತಿಯಲ್ಲಿ ನಗರದಲ್ಲಿ 2.79 ಲಕ್ಷ ಬೀದಿನಾಯಿಗಳಿದ್ದವು, ಅವುಗಳಲ್ಲಿ ಶೇ 71.85ಕ್ಕೆ ಸಂತಾನಹರಣ ಆಗಿತ್ತು. ಸಂತೋಷ. ಆದರೆ ಸಂತಾನಹರಣವಾದ ನಾಯಿಯ ಕಿವಿಯಲ್ಲಿ ಕತ್ತರಿಸಿದ ಗುರುತು ಸಾಯುವವರೆಗೂ ಇರುತ್ತದೆ, ರೇಬೀಸ್ ಲಸಿಕೆಯನ್ನು ಮತ್ತೆ ಮತ್ತೆ ಹಾಕುತ್ತಿರಬೇಕು. ಸೋಂಕಿನ ಸರಪಳಿ ಕಡಿಯಲು ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬೇಕು ಎಂಬುದು ಎಲ್ಲೆಡೆ ಒಪ್ಪಿದ ಲೆಕ್ಕ. ನಗರದ ಸರಾಸರಿ ಎಷ್ಟೇ ಚೆನ್ನಾಗಿರಲಿ, ಕೋಳಿ ಅಂಗಡಿಗಳ ಹಿಂದೆ, ವೃಷಭಾವತಿಗೆ ಸೇರುವ ರಾಜಕಾಲುವೆಗಳ ದಂಡೆಯಲ್ಲಿ ಹಿಂಡು ಕಟ್ಟಿಕೊಂಡ, ಕೈಗೆ ಸಿಗದ ನಾಯಿಗಳಿಗೆ ಲಸಿಕೆ ಮುಟ್ಟಿದೆಯೋ ಇಲ್ಲವೋ ಅದರಲ್ಲಿ ಕಾಣುವುದಿಲ್ಲ. ಅದು ಕಾಣುವುದು ವಾರ್ಡುವಾರು ಪಟ್ಟಿಯಲ್ಲಿ.

ಗೋವಾದವರು ರೇಬೀಸ್ ತಡೆಯುವುದನ್ನೇ ಹಿಡಿದು ಕುಳಿತರು. ವರ್ಷಕ್ಕೆ ಸುಮಾರು 95,000 ನಾಯಿಗಳಿಗೆ ಲಸಿಕೆ, ಶಾಲೆಗಳಲ್ಲಿ ಪಾಠ, ಶಂಕಿತ ನಾಯಿಯ ಪತ್ತೆಗೆ ಸಹಾಯವಾಣಿ. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ನಾಯಿಗಳ ರೇಬೀಸ್ ಪ್ರಕರಣ ಶೇ 92ರಷ್ಟು ಕುಸಿದಿತ್ತು. ನಮ್ಮದು ಅದಕ್ಕಿಂತ ಇಕ್ಕಟ್ಟಾದ ಊರು, ನಾಯಿಗಳೂ ಹೆಚ್ಚು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಗೋವಾದ ಬಳಿ ನಿಮ್ಹಾನ್ಸ್ ಇಲ್ಲ, ಹೆಬ್ಬಾಳವೂ ಇಲ್ಲ.

ಮನುಷ್ಯರಲ್ಲಿ ರೇಬೀಸ್ ಕಂಡರೆ ವರದಿ ಮಾಡಲೇಬೇಕು ಎಂದು ರಾಜ್ಯ ಸರ್ಕಾರ 2022ರಲ್ಲೇ ಹೇಳಿದೆ. ನಾಯಿಯ ವರದಿಯೂ ಅಷ್ಟೇ ಬೇಗ ಜನರಿಗೆ ತಲುಪಲಿ. ಹೆಬ್ಬಾಳದಿಂದ 'ಪಾಸಿಟಿವ್' ಎಂದು ಬಂದ ದಿನವೇ ಆ ಬೀದಿಯ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಹೋಗಲಿ, ಅಂಗಡಿ ಮುಂದೆ ಒಂದು ಹಾಳೆ ಅಂಟಲಿ, ಸುತ್ತಲ ನಾಯಿಗಳಿಗೆ ಲಸಿಕೆ ತಂಡ ಬರಲಿ. ಕಚ್ಚಿದ ನಾಯಿ ಹತ್ತು ದಿನದ ನಂತರವೂ ಆರೋಗ್ಯವಾಗಿದ್ದರೆ ಕಚ್ಚುವಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂಬ ಸರಳ ಸಂಗತಿಯನ್ನೂ ಆ ಹಾಳೆಯಲ್ಲಿ ಬರೆಸಿ. ಆ ಹತ್ತು ದಿನ ಕಾಯುತ್ತಾ ಲಸಿಕೆ ತಪ್ಪಿಸಬಾರದು, ಗಾಯವನ್ನು ಮೊದಲು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆಯಬೇಕು ಎಂಬುದನ್ನೂ ಸೇರಿಸಿ.

ಎಲ್ಲ ವಾರ್ಡುಗಳಲ್ಲೂ ಒಟ್ಟಿಗೇ ಆಗಬೇಕೆಂದಿಲ್ಲ. ರಾಜಕಾಲುವೆ ಹಾಯ್ದುಹೋಗುವ ನಾಲ್ಕೈದು ವಾರ್ಡುಗಳಿಂದ ಶುರುಮಾಡಿ, ಆರು ತಿಂಗಳ ಲೆಕ್ಕವನ್ನು ವಾರ್ಡ್ ಕಚೇರಿಯ ಗೋಡೆಯ ಮೇಲೆ ಹಾಕಿ.

ಇತಿ,
ಬಸವೇಶ್ವರನಗರದ ಒಬ್ಬ ತೆರಿಗೆದಾರ