ಸೆಂಟ್ರಿಫ್ಯೂಜ್ ಕೀ ಯಾರ ಹತ್ರ ಇದೆ?

ನಮ್ಮ ಲ್ಯಾಬ್‌ನ ಮೂಲೆಯಲ್ಲಿ ಒಂದು ಹೈ ಸ್ಪೀಡ್ ಸೆಂಟ್ರಿಫ್ಯೂಜ್ ಇದೆ. ಗರಿಷ್ಠ ವೇಗ 15,000 ಆರ್‌ಪಿಎಂ. ಅದರ ಚಿತ್ರ ನಮ್ಮೆಲ್ಲರ ರೆಕಾರ್ಡ್‌ನಲ್ಲೂ ಇದೆ, ಭಾಗಗಳ ಹೆಸರು ಸಮೇತ. ರೀಡಿಂಗ್ ಮಾತ್ರ ಸೀನಿಯರ್ಸ್ ರೆಕಾರ್ಡ್‌ನಿಂದ ಇಳಿಸಿದ್ದು. ಯಾಕಂದ್ರೆ ಕಳೆದ ಸೆಮಿಸ್ಟರ್‌ನಿಂದ ಆ ರೂಮಿಗೆ ಬೀಗ. ಬೀಗ ಬೀಳೋಕೆ ಕಾರಣ ನಾವೇ, ಅದನ್ನ ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗ್ತೀವಿ.

ನಮ್ಮ ನಾಲ್ವರ ಮಿನಿ ಪ್ರಾಜೆಕ್ಟ್ ಕೊಡಗಿನ ಜೇನಿನ ಮೇಲೆ. ಇಲ್ಲಿಗೆ ಬಂದ ಟೂರಿಸ್ಟ್‌ಗಳೆಲ್ಲ ಕಾಫಿಪುಡಿ ಜೊತೆ ಒಂದು ಬಾಟಲ್ ಜೇನು ಒಯ್ಯುತ್ತಾರೆ. ಒಳಗಿರೋದು ಎಲ್ಲಿಯದು ಅಂತ ಯಾರಿಗೆ ಗೊತ್ತು? 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ 13 ಬ್ರ್ಯಾಂಡ್‌ಗಳ ಜೇನನ್ನು ಜರ್ಮನಿಯ ಲ್ಯಾಬ್‌ಗೆ ಕಳಿಸಿ ಎನ್‌ಎಂಆರ್ ಪರೀಕ್ಷೆ ಮಾಡಿಸಿದಾಗ 10 ಫೇಲ್ ಆಗಿದ್ದವು. ನಮಗೆ ಜರ್ಮನಿ ಎಟುಕಲ್ಲ. ಆದರೆ ಪರಾಗ ನೋಡೋ ಹಳೇ ವಿಧಾನ ಎಟುಕುತ್ತೆ. 10 ಗ್ರಾಂ ಜೇನನ್ನು 20 ಎಂಎಲ್ ಬಿಸಿನೀರಲ್ಲಿ ಕರಗಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಪರಾಗದ ಕಣಗಳು ತಳಕ್ಕೆ ಕೂರುತ್ತವೆ. ಅದನ್ನ ಮೈಕ್ರೋಸ್ಕೋಪ್‌ನಲ್ಲಿ ಇಟ್ಟರೆ ಜೇನುಹುಳ ಯಾವ ಯಾವ ಹೂವಿಗೆ ಹೋಗಿತ್ತು ಅಂತ ಲೆಕ್ಕ ಸಿಗುತ್ತೆ. ಸಕ್ಕರೆ ಪಾಕ ಬೆರೆಸಿದ್ದನ್ನು ಇದೊಂದರಿಂದಲೇ ಹಿಡಿಯೋಕಾಗಲ್ಲ, ನಿಜ. ಆದರೆ ಕೊಡಗಿನದು ಅಂತ ಮಾರೋ ಜೇನಿನಲ್ಲಿ ಕೊಡಗಿನ ಹೂವಿನ ಸುಳಿವೇ ಇಲ್ಲದಿದ್ದರೆ ಕೇಳಬೇಕಾದ ಪ್ರಶ್ನೆ ಹುಟ್ಟುತ್ತಲ್ಲ.

ಅವತ್ತು ಲ್ಯಾಬ್‌ನಲ್ಲಿ ಆಗಿದ್ದು ಇಷ್ಟು. ಒಂದು ಟ್ಯೂಬ್‌ಗೆ ಜೇನುನೀರು ಹಾಕಿದೆವು. ಬ್ಯಾಲೆನ್ಸ್‌ಗೆ ಅಂತ ಎದುರಿನ ಟ್ಯೂಬ್‌ಗೆ ಅದೇ ಗೆರೆ ತನಕ ಬರೀ ನೀರು ತುಂಬಿದೆವು. ಕಣ್ಣಿಗೆ ಎರಡೂ ಸಮ. ಮೆಷಿನ್ ಇದೆಯಲ್ಲ ಅಂತ 10,000ಕ್ಕೆ ಸೆಟ್ ಮಾಡಿ ಸ್ಟಾರ್ಟ್ ಒತ್ತಿದೆವು. ಟೇಬಲ್ ಸಮೇತ ಗಡಗಡ ಅಂತ ನಡುಗಿ, ಕೆಂಪು ಲೈಟ್ ಹತ್ತಿ, ತಾನಾಗೇ ನಿಂತಿತು. ನಮ್ಮ ಎದೆ ನಿಲ್ಲೋಕೆ ಇನ್ನೂ ಹೊತ್ತು ಬೇಕಾಯ್ತು. ಮರುದಿನ ಬೀಗ.

ಆಮೇಲೆ ಹಾಸ್ಟೆಲ್‌ನಲ್ಲಿ ಕೂತು ಲೆಕ್ಕ ಹಾಕಿದೆವು. ಜೇನುನೀರು ಸುಮಾರು 27 ಎಂಎಲ್, ತೂಕ 30 ಗ್ರಾಂ. ಅಷ್ಟೇ ಎಂಎಲ್ ನೀರು 27 ಗ್ರಾಂ. ವ್ಯತ್ಯಾಸ ಬರೀ 3 ಗ್ರಾಂ. 8 ಸೆಂಮೀ ತ್ರಿಜ್ಯದ ರೋಟರ್ 10,000 ಆರ್‌ಪಿಎಂನಲ್ಲಿ ತಿರುಗಿದರೆ ಗುರುತ್ವದ ಸುಮಾರು 8,900 ಪಟ್ಟು ಬಲ. ಅಂದ್ರೆ ಆ 3 ಗ್ರಾಂ, ಪೂರ್ತಿ ವೇಗಕ್ಕೆ ಬಂದಿದ್ದರೆ ಹತ್ತಿರ ಹತ್ತಿರ 27 ಕೆಜಿ ತೂಕದ ಹಾಗೆ ಒಂದೇ ಕಡೆ ಎಳೆಯುತ್ತಿತ್ತು! ಸಮ ಮಾಡಬೇಕಾದ್ದು ಗೆರೆಯನ್ನಲ್ಲ, ತೂಕವನ್ನು. ಇದು ಯಾವ ರೆಕಾರ್ಡ್‌ನಲ್ಲೂ ಇರಲಿಲ್ಲವೇ ಅಂದ್ರೆ, ಇತ್ತು. ‘ಮುನ್ನೆಚ್ಚರಿಕೆಗಳು’ ಅನ್ನೋ ಕಡೆ 3ನೇ ಪಾಯಿಂಟ್. ನಾವೇ ಕಾಪಿ ಮಾಡಿದ್ದೆವು.

ನಾಚಿಕೆಯ ಇನ್ನೊಂದು ಸಂಗತಿ. ಪರಾಗ ಕೂರೋಕೆ ಸುಮಾರು 1,000 ಪಟ್ಟು ಬಲ, 10 ನಿಮಿಷ ಸಾಕು. ನಮ್ಮ ರೋಟರ್‌ಗೆ ಅದು 3,350 ಆರ್‌ಪಿಎಂ ಆಸುಪಾಸು. ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೆವು. ಮೂರು ಪಟ್ಟು ವೇಗ ಇಟ್ಟು ಒಂಬತ್ತು ಪಟ್ಟು ಬಲ ಕರೆದಿದ್ದೆವು, ಸುಮ್ಮನೆ.

ನಮ್ಮಲ್ಲೊಬ್ಬ ರಜೆಯಲ್ಲಿ ಭಾಗಮಂಡಲ ಕಡೆಯ ತನ್ನ ಮನೆಗೆ ಹೋಗಿ ಈ ಕಥೆ ಹೇಳಿದಾಗ ಅವನ ಅಜ್ಜ ನಕ್ಕರಂತೆ. ಅವರ ಹತ್ರ ಕೈಯಲ್ಲಿ ತಿರುಗಿಸೋ ಜೇನು ತೆಗೆಯುವ ಡ್ರಮ್ ಇದೆ. ಅದೂ ಸೆಂಟ್ರಿಫ್ಯೂಜೇ. 1865ರಲ್ಲಿ ಹ್ರುಷ್ಕ ಅನ್ನೋ ಸೈನ್ಯಾಧಿಕಾರಿ ಯುರೋಪಿನಲ್ಲಿ ತೋರಿಸಿಕೊಟ್ಟ ಉಪಾಯ. ಎರಿ ಹಿಂಡದೆ, ಫ್ರೇಮ್ ಮುರಿಯದೆ ಜೇನು ಹೊರಗೆ. “ಒಂದು ಕಡೆ ತುಂಬಿದ ಫ್ರೇಮು, ಇನ್ನೊಂದು ಕಡೆ ಖಾಲಿ ಇಟ್ಟರೆ ಡ್ರಮ್ಮು ಕುಣಿಯುತ್ತೆ ಮಗ, ಇಷ್ಟೂ ಗೊತ್ತಿಲ್ವಾ?” ಅಂದರಂತೆ. ಅಜ್ಜನಿಗೆ ಇದು ಗೊತ್ತಾಗಿದ್ದು ಡ್ರಮ್ ಒಂದು ಸಲ ಕುಣಿದ ಮೇಲೇ ಇರಬೇಕು. ಅವರ ಡ್ರಮ್‌ಗೆ ಯಾರೂ ಬೀಗ ಹಾಕಲಿಲ್ಲ.

ಬೀಗ ಹಾಕಿದವರ ಭಯ ಸುಳ್ಳಲ್ಲ. 1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಲ್ಟ್ರಾಸೆಂಟ್ರಿಫ್ಯೂಜ್ ಒಂದರ ರೋಟರ್ ಒಡೆದು ಲ್ಯಾಬ್ ಚಿಂದಿಯಾಗಿತ್ತು. ಅದೃಷ್ಟಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮೆಷಿನ್ ದುಬಾರಿ, ರಿಪೇರಿಗೆ ಬೆಂಗಳೂರಿಂದ ಜನ ಬರಬೇಕು, ಮಳೆಗಾಲದಲ್ಲಿ ಇಲ್ಲಿಯ ಕರೆಂಟ್ ಕಥೆ ಬೇರೆ ಹೇಳಬೇಕಾಗಿಲ್ಲ. ಎಲ್ಲಾ ಸರಿ. ಆದರೆ ಮುಟ್ಟದ ಮೆಷಿನ್ ಬರೀ ತೂಕದ ಡಬ್ಬ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಉಗಾಂಡದಲ್ಲಿ ನೋಡಿದ್ದು ಅದನ್ನೇ: ಕರೆಂಟ್ ಇಲ್ಲದೆ ಒಂದು ಸೆಂಟ್ರಿಫ್ಯೂಜ್ ಬಾಗಿಲಿಗೆ ಒತ್ತು ಕೊಟ್ಟು ಕೂತಿತ್ತು. ಗುಂಡಿಗೆ ದಾರ ಪೋಣಿಸಿ ಎಳೆದು ತಿರುಗಿಸೋ ಮಕ್ಕಳಾಟ ಇದೆಯಲ್ಲ, ಅದನ್ನೇ ಹಿಡಿದು ಅವರ ತಂಡ 2017ರಲ್ಲಿ ಕಾಗದದ ಪೇಪರ್‌ಫ್ಯೂಜ್ ಪ್ರಕಟಿಸಿತು. ಖರ್ಚು 20 ಸೆಂಟ್, ವೇಗ 1,25,000 ಆರ್‌ಪಿಎಂ. ನಮ್ಮ ಬೀಗದೊಳಗಿನ ಮೆಷಿನ್‌ನ ಎಂಟು ಪಟ್ಟಿಗೂ ಜಾಸ್ತಿ.

ನಾವು ಕೇಳ್ತಿರೋದು ಹೊಸ ಮೆಷಿನ್ ಅಲ್ಲ. ಶನಿವಾರ ಮಧ್ಯಾಹ್ನ ಎರಡು ಗಂಟೆ, ಒಬ್ಬರು ಇನ್‌ಸ್ಟ್ರಕ್ಟರ್, ಪಕ್ಕದಲ್ಲಿ ಒಂದು ತಕ್ಕಡಿ. ಮೊದಲು ಬರೀ ನೀರಿನ ಟ್ಯೂಬ್ ತೂಗಿ, ಎದುರುಬದುರು ಇಟ್ಟು, 2,000ದಲ್ಲಿ ತಿರುಗಿಸಿ ತೋರಿಸಿದವರಿಗೆ ಮಾತ್ರ ಮುಂದಿನ ವೇಗ. ಗೋಡೆಗೆ ಒಂದು ಲಾಗ್ ಬುಕ್: ಯಾರು, ಯಾವ ರೋಟರ್, ಎಷ್ಟು ವೇಗ, ಎಷ್ಟು ಹೊತ್ತು. ತಪ್ಪು ಮಾಡಿದವರ ಹೆಸರೂ ಅದರಲ್ಲೇ ಇರಲಿ. ಮೊದಲ ಸಾಲಿನಲ್ಲಿ ನಮ್ಮದೇ ಬರೆದುಕೊಳ್ಳಿ.

ಅಜ್ಜ ಕೊಟ್ಟ ಬಾಟಲ್ ಇನ್ನೂ ಹಾಸ್ಟೆಲ್ ಶೆಲ್ಫ್‌ನಲ್ಲಿದೆ. ತಳದಲ್ಲಿ ಹರಳು ಕಟ್ಟಿದೆ. ಹರಳು ಕಟ್ಟಿದ ಮಾತ್ರಕ್ಕೆ ಕಲಬೆರಕೆ ಅಲ್ಲ, ಗಾಬರಿಯಾಗಬೇಡಿ. ಆದರೆ ನಮ್ಮ ರೂಮ್‌ಮೇಟ್ ದಿನಾ ರಾತ್ರಿ ಮೆಸ್ ಚಪಾತಿಗೆ ಅದನ್ನೇ ಹಚ್ಚಿಕೊಳ್ತಿದ್ದಾನೆ, ಸ್ಯಾಂಪಲ್ ಈಗ ಅರ್ಧ ಬಾಟಲ್‌ಗೆ ಬಂದಿದೆ. ಕೀ ಇರೋರು ಸ್ವಲ್ಪ ಬೇಗ ಮನಸ್ಸು ಮಾಡಬೇಕು.